ಮದ್ದೂರು ಸ್ಟೇಷನ್ನಿನಲ್ಲಿ

ಮದ್ದೂರು ಎಂದೊಡನೆ ವಡೆಯ ನೆನಪಾಗುವುದು ಸಹಜವೇ. ಆ ತಿನಿಸು ಹುಟ್ಟಿದ್ದು ಈ ಊರಿನ ರೈಲು ನಿಲ್ದಾಣದಲ್ಲಿ. 1917ರಲ್ಲಿ ರಾಮಚಂದ್ರ ಬುಧ್ಯ ಎಂಬವರು, ಗಾಡಿಯ ವೇಳೆಗೆ ಒದಗಲೆಂದು, ಹಿಟ್ಟನ್ನು ತಟ್ಟಿ ಬೇಗಬೇಗನೆ ಕರಿದರೆಂದು ಐತಿಹ್ಯ. ಒಂಟಿ ಹಳಿಯ ದಿನಗಳಲ್ಲಿ ಎದುರು ಗಾಡಿಯ ದಾರಿ ಕಾಯುತ್ತ, ಕಿಟಕಿಯಿಂದ ಕೈನೀಡಿ ನಾನು ಕೊಂಡ ವಡೆಗಳಿಗೆ ಲೆಕ್ಕವಿಲ್ಲ. ಆ ಹಳಿಯ ಕೆಳಗಿನ ಮಣ್ಣನ್ನು ಹೊತ್ತವರಾರೆಂಬ ಪ್ರಶ್ನೆ ಮಾತ್ರ ಅಂದು ನನಗೆ ಹೊಳೆದಿರಲಿಲ್ಲ.

ಎಲೆಯಲ್ಲಿ ಅನ್ನ ಬಿಟ್ಟರೆ ನಮ್ಮಜ್ಜಿ, “ಧಾತು ಈಶ್ವರದಲ್ಲಿ ಹುಟ್ಟಬೇಕಾಗಿತ್ತು ನೀನು” ಎಂದು ಗದರುತ್ತಿದ್ದರು. ಅವರು ಆ ಬರವನ್ನು ಕಂಡವರಲ್ಲ. ತಮ್ಮ ತಾಯಿಯ ಬಾಯಿಂದ ಕೇಳಿದವರು. ಧಾತು, ಈಶ್ವರ ಎಂಬವು 1876ರಿಂದ 1878ರವರೆಗಿನ ಎರಡು ಸಂವತ್ಸರಗಳು. ಮೈಸೂರು ರಾಜ್ಯ ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಮದರಾಸಿನ ಕಡೆಯಿಂದ ಬೆಂಗಳೂರಿಗೆ 1864ರಲ್ಲಿಯೇ ರೈಲು ಬಂದಿತ್ತು. ಹೊರಗಿನ ಧಾನ್ಯ ಅಷ್ಟರವರೆಗೆ ಹೇಗೋ ಬಂದು ಸೇರುತ್ತಿತ್ತು. ಅಲ್ಲಿಂದಾಚೆಗೆ ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳೇ ಸತ್ತು ಬಿದ್ದಾಗ ಗಾಡಿಯನ್ನು ಎಳೆಯುವುದು ಯಾವುದು? ಉಗ್ರಾಣದಲ್ಲಿ ಕಾಳಿದ್ದೂ ಹಳ್ಳಿಗಳು ಹಸಿದವು.

ಬೆಂಗಳೂರಿನಿಂದ ಮೈಸೂರಿಗೆ ಹಳಿ ಹಾಕುವ ಕೆಲಸ ಆರಂಭವಾದುದು ಈ ಬರದ ಪರಿಹಾರ ಕಾಮಗಾರಿಯಾಗಿ. ಕಾಳು ಬರಬೇಕಾಗಿದ್ದ ದಾರಿಯನ್ನು ಕಾಳಿಲ್ಲದವರ ಕೈಯಿಂದಲೇ ಕಡಿಸಿದರು. ಇದನ್ನು ಬರಿಯ ಕ್ರೌರ್ಯವೆಂದು ನಾನು ಹೇಳಲಾರೆ. ಆ ಕೂಲಿಯಿಂದ ಬದುಕಿಕೊಂಡವರೂ ಇದ್ದಾರು. ಆದರೆ ಹಸಿದ ಮೈಯಿಂದ ದಿನವಿಡೀ ಮಣ್ಣು ಹೊರಿಸಿ ಅನ್ನ ಕೊಡುವುದನ್ನು ದಯೆಯೆನ್ನಲು ನಾಲಗೆ ಏಳುವುದಿಲ್ಲ.

ಮದ್ದೂರಿಗೆ ಗಾಡಿ ಬಂದುದು 1881ರಲ್ಲಿ, ಮೈಸೂರಿಗೆ ಮರುವರ್ಷ. ಅದೇ 1881ರಲ್ಲಿ ಜನಗಣತಿಯೂ ನಡೆಯಿತು. ಹತ್ತು ವರ್ಷ ಹಿಂದೆ 50 ಲಕ್ಷ ಮೀರಿದ್ದ ರಾಜ್ಯದ ಜನಸಂಖ್ಯೆ 42 ಲಕ್ಷದ ಒಳಗಿತ್ತು. ಬರ ಕಳೆದ ಮೂರು ವರ್ಷಕ್ಕೆ ಹಳಿ ಸಿದ್ಧವಾಗಿತ್ತು.

ಈಗ ಮೀಟರ್ ಗೇಜು ಇಲ್ಲ. ಜೋಡಿ ಹಳಿ ಬಂದಿದೆ, ಮೇಲೆ ವಿದ್ಯುತ್ತಿನ ತಂತಿಗಳಿವೆ. ಮೊನ್ನೆ ಪ್ಯಾಸೆಂಜರ್ ಗಾಡಿಯಿಂದ ಅಲ್ಲಿ ಇಳಿದು ಪ್ಲಾಟ್‌ಫಾರಂನ ಕೊನೆಯವರೆಗೆ ನಡೆದೆ. ಹಳಿಯ ಏರಿಯನ್ನು ನೋಡುತ್ತ, ಕೊಂಡಿದ್ದ ವಡೆಯನ್ನು ಬಿಚ್ಚಿದೆ. ತಿಂದಾದ ಮೇಲೆ ಕಾಗದದ ಮಡಿಕೆಯಲ್ಲಿ ಉಳಿದಿದ್ದ ಚೂರುಗಳನ್ನೂ ಬಿಡದೆ ಹೆಕ್ಕಿ ತಿಂದೆ.