ಶಾರ್ಕಿಶ್ಲಾ ಸೀಮೆಯ ಕಣ್ಣಿಲ್ಲದ ಹಾಡುಗಾರ

ನಾನು ಏಳನೇ ಇಯತ್ತೆ ಕಲಿತ ರೈತ. ಹಗಲು ಹೊಲ, ರಾತ್ರಿ ಏಕತಾರಿ. ಹೋದ ವರ್ಷ ಮೊಹರಂ ಹಬ್ಬದಾಗ ನಮ್ಮ ರಿವಾಯತ್ ಪದ ಮುಗಿದ ಮ್ಯಾಲ ಮೊಮ್ಮಗ ಮೊಬೈಲಿನಾಗ ಒಂದು ಹಾಡು ಹಚ್ಚಿದ. ಭಾಷೆ ತಿಳಿಯಲಿಲ್ಲ. ಆದರೆ ಆ ದನಿ ಕೇಳಿ ಕೂತಲ್ಲೇ ಕೂತೆ. "ಯಾರಪ್ಪಾ ಈ ಮುದುಕ?" ಅಂದೆ. ತುರ್ಕಿ ದೇಶದವ, ಆಶಿಕ್ ವೇಸೆಲ್ ಅಂದ. ಮುಂದ ಸಾಲಿ ಮಾಸ್ತರರು ಆತನ ಸೀಮೆಯ ವಿಷಯ ಓದಿ ಓದಿ ಹೇಳಿದರು. ಅದನ್ನೇ ಇಲ್ಲಿ ಬರೆದೀನಿ.

ತುರ್ಕಿಯ ನಡುಭಾಗ ಎತ್ತರದ ಬಯಲು. ಅಲ್ಲಿ ಸಿವಾಸ್ ಎಂಬ ಪ್ರಾಂತ, ಅದರ ನೈರುತ್ಯಕ್ಕೆ ಶಾರ್ಕಿಶ್ಲಾ. ನಮ್ಮ ಲೆಕ್ಕದಾಗ ಒಂದು ತಾಲೂಕು ಅನ್ನಿರಿ. ಸಮುದ್ರಮಟ್ಟದಿಂದ 1,100 ಮೀಟರಿಗೂ ಮ್ಯಾಲೆ ಇದೆ. ಗಿಡಮರ ಕಡಿಮೆ, ಬೋಳು ಗುಡ್ಡ ಬಹಳ. ಗೋದಿ, ಜವೆಗೋದಿ, ಸಕ್ಕರೆ ಗಡ್ಡೆ ಬೆಳೀತಾರೆ, ಕುರಿ ಕಾಯ್ತಾರೆ. ಚಳಿಗಾಲದಾಗ ಹಿಮ ಬಿದ್ದು ಹಳ್ಳಿಯ ದಾರಿ ಮುಚ್ಚುತ್ತವೆ. ಆ ಕಡೆಯ ದೊಡ್ಡ ನದಿ ಕಿಝಿಲಿರ್ಮಾಕ್, ಅಂದರೆ ಕೆಂಪು ಹೊಳೆ. ಮಣ್ಣಿನಿಂದ ಬಂದ ಬಣ್ಣ ಅದು. ಸಿವಾಸಿನ ಗುಡ್ಡದಾಗ ಹುಟ್ಟಿ, ಬಿಲ್ಲಿನಂಗ ಬಾಗಿ, 1,355 ಕಿಲೋಮೀಟರ್ ಹರಿದು ಕಪ್ಪು ಸಮುದ್ರ ಸೇರುತ್ತದೆ.

ಮಂದಿ ಒಂದೇ ನಮೂನಿ ಇಲ್ಲ. ಸುನ್ನಿ ಹಳ್ಳಿ ಬ್ಯಾರೆ, ಅಲೆವಿ ಹಳ್ಳಿ ಬ್ಯಾರೆ. ಹತ್ತೊಂಬತ್ತನೇ ಶತಮಾನದಾಗ ರಷ್ಯಾದವರು ಕಾಕಸಸ್ ಬೆಟ್ಟದಿಂದ ಓಡಿಸಿದ ಚೆರ್ಕೆಸ್ ಜನರ ಹಳ್ಳಿಗಳೂ ಇವೆ. ಅರ್ಮೇನಿಯನ್ ಕ್ರೈಸ್ತರೂ ಈ ಭಾಗದಾಗ ಬಾಳಿದ್ದರು. 1915ರಲ್ಲಿ ಅವರನ್ನು ಮನೆಮಾರು ಬಿಡಿಸಿ ನಡೆಸಿಕೊಂಡು ಹೋದರು, ಬಹಳ ಮಂದಿ ಸತ್ತರು.

ವೇಸೆಲ್ ಅಲೆವಿ ಮನೆಯವ. ಅಲೆವಿಗಳು ಅಲಿ, ಹಸನ್, ಹುಸೇನರನ್ನು ನೆನೆಯುವವರು. ಅವರ ಕೂಟದಾಗ ಗಂಡಸರು ಹೆಂಗಸರು ಕೂಡಿ ಕೂಡ್ರುತ್ತಾರೆ. ಸಾಜ್ ಎಂಬ ತಂತಿವಾದ್ಯ ಹಿಡಿದು ಹಾಡುವುದೇ ಅವರಿಗೆ ಪ್ರಾರ್ಥನೆ. ಮೊಹರಂದಾಗ ಉಪವಾಸವೂ ಮಾಡ್ತಾರೆ. ಕರ್ಬಲಾದ ಪದ ನಾವೂ ಹಾಡ್ತೀವಲ್ಲ, ಅದಕ್ಕೇ ಆ ದನಿ ನನಗೆ ಪರದೇಶದ್ದು ಅನಿಸಲಿಲ್ಲ ಕಾಣ್ತದ.

ವೇಸೆಲ್ ಹುಟ್ಟಿದ್ದು 1894ರಲ್ಲಿ, ಸಿವ್ರಿಯಾಲಾನ್ ಹಳ್ಳಿಯಲ್ಲಿ. ತಾಯಿ ಕುರಿ ಹಾಲು ಕರೆಯಲು ಹೋಗುವಾಗ ದಾರಿಯಲ್ಲೇ ಹೆತ್ತಳು. ಸಿಡುಬಿಗೆ ಇಬ್ಬರು ಅಕ್ಕಂದಿರು ಮೊದಲೇ ಹೋಗಿದ್ದರು. ಏಳನೇ ವರ್ಷಕ್ಕೆ ಅದೇ ಬ್ಯಾನಿ ಇವನ ಒಂದು ಕಣ್ಣು ತಿಂದಿತು. ಇನ್ನೊಂದು ಕಣ್ಣಿನ ಮಸುಕು ಬೆಳಕೂ ಮುಂದೆ ಪೆಟ್ಟು ಬಿದ್ದು ಹೋಯಿತು. ಮಗನ ಮನಸ್ಸು ಹಗುರಾಗಲಿ ಅಂತ ತಂದೆ ಒಂದು ಸಾಜ್ ತಂದುಕೊಟ್ಟ. ಬಹಳ ವರ್ಷ ಹಿಂದಿನವರ ಪದಗಳನ್ನೇ ಹಾಡಿದ. 1931ರಲ್ಲಿ ಸಿವಾಸಿನಲ್ಲಿದ್ದ ಕವಿ ಅಹ್ಮೆತ್ ಕುತ್ಸಿ ತೆಜೆರ್ ಊರೂರ ಹಾಡುಗಾರರನ್ನು ಕೂಡಿಸಿ ಉತ್ಸವ ಮಾಡಿದಾಗ ಇವನ ಹೆಸರು ಹೊರಗೆ ಬಂತು.

1933ರಲ್ಲಿ ಗಣರಾಜ್ಯಕ್ಕೆ ಹತ್ತು ವರ್ಷ ತುಂಬಿತು. ವೇಸೆಲ್ ಅತಾತುರ್ಕನ ಮೇಲೆ ಒಂದು ಪದ ಕಟ್ಟಿದ. ಅದನ್ನು ಆತನ ಎದುರಿಗೇ ಹಾಡಬೇಕೆಂದು ಗೆಳೆಯ ಇಬ್ರಾಹಿಮನ ಕೈ ಹಿಡಿದು ಅಂಕಾರಾಕ್ಕೆ ನಡೆದ. ಶಾರ್ಕಿಶ್ಲಾಕ್ಕೆ ಆಗಲೇ ರೈಲು ಬಂದಿತ್ತು. ಇವರು ಮಾತ್ರ ಹಿಮದಾಗ ಮೂರು ತಿಂಗಳು ನಡೆದರು. ಅಂಕಾರಾದಾಗ ಸಾಜಿಗೆ ತಂತಿ ಕೊಳ್ಳಲು ಪೇಟೆಗೆ ಹೋದರೆ, ಹಳ್ಳಿ ಷರಾಯಿ, ಚರ್ಮದ ಕೆರ, ಸೊಂಟದ ಪಟ್ಟಿ ನೋಡಿ ಪೊಲೀಸ ಒಳಗ ಬಿಡಲಿಲ್ಲ! ನನಗೂ ಒಮ್ಮೆ ಪಟ್ಟಣದ ಸಭಾಗೃಹವೊಂದರ ಬಾಗಿಲಾಗ ಧೋತರ ನೋಡಿ ತಡೆದಿದ್ದರು, ಒಳಗ ಹಾಡಬೇಕಾದವ ನಾನೇ ಇದ್ದೆ. ಕಡೆಗೆ ಒಂದು ಪತ್ರಿಕೆ ಆತನ ಪದ ಅಚ್ಚು ಹಾಕಿತು. ಮಂದಿ ಗುರುತು ಹಿಡಿದರು. ಅತಾತುರ್ಕನ ಭೇಟಿ ಮಾತ್ರ ಆಗಲೇ ಇಲ್ಲ.

ಪೇಟೆಗೆ ಬ್ಯಾಡಾದ ಆ ಮನುಷ್ಯನನ್ನೇ ಮುಂದೆ ಸರಕಾರ ಸಾಜ್ ಕಲಿಸುವ ಮಾಸ್ತರನನ್ನಾಗಿ ಮಾಡಿತು. 1940ರಲ್ಲಿ ತುರ್ಕಿಯೊಳಗೆ ಗ್ರಾಮ ಸಂಸ್ಥೆ ಎಂಬ ಸಾಲೆಗಳು ಹುಟ್ಟಿದವು. ಹಳ್ಳಿ ಮಕ್ಕಳನ್ನು ಆರಿಸಿ ಓದು, ಒಕ್ಕಲುತನ, ಗೋಡೆ ಕಟ್ಟುವುದು, ವಾದ್ಯ ಎಲ್ಲ ಕಲಿಸಿ ಹಳ್ಳಿಗೇ ಶಿಕ್ಷಕರನ್ನಾಗಿ ಕಳಿಸೋದು. ಇಂಥ 21 ಸಾಲೆಗಳಾದವು. ವೇಸೆಲ್ ಹಲವು ಸಾಲೆಗಳಲ್ಲಿ ಕಲಿಸಿದ. ಕಣ್ಣಿಲ್ಲದವ ಕಣ್ಣಿದ್ದ ಹುಡುಗರ ಬೆರಳು ಹಿಡಿದು ತಂತಿ ಮೇಲೆ ಇಡುತ್ತಿದ್ದನೇನೋ ಅಂತ ನಾನು ಎಷ್ಟೋ ಸಲ ಮನಸ್ಸಿನಾಗ ಚಿತ್ರ ಮಾಡಿಕೊಂಡೀನಿ. ರೈತರ ಮಕ್ಕಳು ಪ್ರಶ್ನೆ ಕೇಳತೊಡಗಿದ್ದು ಜಮೀನ್ದಾರರಿಗೂ ಕೆಲವು ರಾಜಕಾರಣಿಗಳಿಗೂ ಸೇರಲಿಲ್ಲ. ಕಮ್ಯುನಿಸ್ಟ್ ಅಂದರು. 1954ರಲ್ಲಿ ಮುಚ್ಚಿಬಿಟ್ಟರು.

1965ರಲ್ಲಿ ಅಲ್ಲಿಯ ಸಂಸತ್ತು ವೇಸೆಲನಿಗೆ ತಿಂಗಳಿಗೆ 500 ಲೀರಾ ಕೊಡಲು ಠರಾವು ಮಾಡಿತು. ಕಾರಣ ಬರೆದದ್ದು: ತಾಯಿನುಡಿಗೂ ದೇಶದ ಒಗ್ಗಟ್ಟಿಗೂ ಮಾಡಿದ ಸೇವೆ. ತಾಯಿನುಡಿ ಅನ್ನೋ ಶಬ್ದವನ್ನು ಮಾಸ್ತರರಿಂದ ಎರಡು ಸಲ ಓದಿಸಿದೆ. ಗಡಿಯಲ್ಲಿ ಕೂತು ಕನ್ನಡ ಹಾಡುವವನಿಗೆ ಅದು ಬ್ಯಾರೆ ರೀತಿಯಾಗಿ ಕೇಳ್ತದ.

ಮೊಮ್ಮಗ ಹಚ್ಚಿದ ಹಾಡು 'ಕರಾ ತೊಪ್ರಾಕ್', ಅಂದರೆ ಕರಿಮಣ್ಣು. ಹೊಲ ಉತ್ತವನಿಗೆ ಮಾತ್ರ ಬರುವ ಹಾಡು ಅದು. ವೇಸೆಲ್ ತನ್ನ ಹಳ್ಳಿಯಲ್ಲಿ ಹಣ್ಣಿನ ಗಿಡ ನೆಟ್ಟು ತೋಟವನ್ನೂ ಮಾಡಿದ್ದ. 1973ರ ಮಾರ್ಚ್ 21ರಂದು ಸಿವ್ರಿಯಾಲಾನಿನಲ್ಲೇ ತೀರಿಕೊಂಡ. ಅದೇ ಊರ ಮಣ್ಣಿನಾಗ ಆತನ ಗೋರಿ ಅದ.