ಶಾಲೆಯ ಅಂಗಳಕ್ಕೆ ಬಂದ ಯಂತ್ರವಿದ್ಯೆ

ಯಂತ್ರವಿದ್ಯೆಯೆಂದರೆ ಪ್ರವೇಶಪರೀಕ್ಷೆಯ ಇಕ್ಕಟ್ಟಿನ ಬಾಗಿಲಲ್ಲಿ ನುಸುಳಿದವರಿಗೆ ಮಾತ್ರ ದೊರೆಯತಕ್ಕ ವಿದ್ಯೆಯೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಅಡಕೆಮರದ ಸಂಕದ ಮೇಲೆ ಹಳ್ಳ ದಾಟಿ, ದಂಬೆಯಲ್ಲಿ ಹರಿದುಬರುವ ಅಬ್ಬಿನೀರಿಗೆ ಬೊಗಸೆಯೊಡ್ಡಿ, ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಸದ್ದನ್ನು ಕೇಳುತ್ತ ಶಾಲೆಗೆ ನಡೆಯುವ ಕಳಸ, ಮೂಡಿಗೆರೆ ಸೀಮೆಯ ಮಕ್ಕಳು ಆ ವಿದ್ಯೆಯ ನಡುವೆಯೇ ಬೆಳೆಯುತ್ತಿರುವರೆಂಬುದು ನಮ್ಮ ಗಣನೆಗೆ ಬಂದದ್ದು ಕಡಮೆ. ಬಾಳಿನ ಈ ವಿದ್ಯೆಗೂ ತರಗತಿಯ ವಿದ್ಯೆಗೂ ನಡುವೆ ಸಂಕ ಹಾಕುವ ಯತ್ನಗಳು ಬೆಳೆದುಬಂದ ಬಗೆಯನ್ನು ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

ಕನ್ನಡನಾಡಿನಲ್ಲಿ ಯಂತ್ರವಿದ್ಯೆಯ ಕಟ್ಟಡ ಮೇಲಿನ ಅಂತಸ್ತಿನಿಂದ ಮೊದಲಾಯಿತೆನ್ನಬೇಕು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ೧೯೧೭ರಲ್ಲಿ, ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಸ್ಥಾಪಿತವಾಯಿತು. ಮಲೆನಾಡಿನ ಸೆರಗಿನ ಹಾಸನಕ್ಕೆ ೧೯೬೦ರಲ್ಲಿ, ಚಿಕ್ಕಮಗಳೂರಿಗೆ ೧೯೮೦ರಲ್ಲಿ ಅಂಥ ಕಾಲೇಜುಗಳು ಬಂದುವು. ಶಾಲೆಯ ಮಟ್ಟದಲ್ಲಾದರೋ, ಕೈಗೆ ಕೆಲಸ ಕೊಡುವ ವಿಚಾರ ೧೯೩೭ರ ವಾರ್ಧಾ ಯೋಜನೆಯಿಂದ ಮುನ್ನೆಲೆಗೆ ಬಂದು, ಕೊಠಾರಿ ಆಯೋಗದ (೧೯೬೪–೬೬) ವರದಿಯಲ್ಲಿ ‘ಕಾರ್ಯಾನುಭವ’ವೆಂದೂ, ೧೯೭೭ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯ ಕೈಯಲ್ಲಿ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ವೆಂದೂ ನಾಮಾಂತರ ಹೊಂದುತ್ತ ಸಾಗಿತು. ಉದಾತ್ತವಾದ ಆಶಯವೇ ಅದು. ಆದರೆ ತಕಲಿಯಲ್ಲಿ ನೂಲು ತೆಗೆಯುವುದನ್ನು ಕಲಿತ ಹುಡುಗ, ತಕಲಿಯ ಬಿಲ್ಲೆ ಇನ್ನಷ್ಟು ಭಾರವಾದರೆ ಏನಾದೀತೆಂದು ಕೇಳಲು ವೇಳಾಪಟ್ಟಿಯಲ್ಲಿ ಎಡೆಯಿರಲಿಲ್ಲ. ಕೈ ಪಳಗಿತು, ಪ್ರಶ್ನೆ ಹುಟ್ಟಲಿಲ್ಲ.

ಪ್ರಶ್ನೆಗೆ ಎಡೆ ದೊರೆತುದು ಶಾಲೆಯ ಗೋಡೆಯಾಚೆಗೆ. ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ೧೯೬೫ರಲ್ಲಿ ವಿದ್ಯುತ್ತಿನ ವಿಭಾಗವನ್ನು ಜನರಿಗೆ ತೆರೆದು, ಮುಂದೆ ಸಂಚಾರಿ ಬಸ್ಸುಗಳಲ್ಲಿ ಪ್ರದರ್ಶಿಕೆಗಳನ್ನು ಊರೂರಿಗೆ ಒಯ್ದಿತು. ೧೯೭೮ರಲ್ಲಿ ಮೊದಲಾದ ‘ಬಾಲವಿಜ್ಞಾನ’ ಮಾಸಪತ್ರಿಕೆಯೂ, ೧೯೮೦ರಲ್ಲಿ ರೂಪುಗೊಂಡ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತೂ ವಿಜ್ಞಾನಕ್ಕೆ ಕನ್ನಡದ ನಾಲಗೆ ಕೊಟ್ಟುವು. ೧೯೯೩ರಿಂದ ನಡೆದುಬಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು: ಮಕ್ಕಳು ತಂಡ ಕಟ್ಟಿ, ತಮ್ಮ ಊರಿನದೇ ಒಂದು ಸಮಸ್ಯೆಯನ್ನು ಆರಿಸಿ, ಅಳೆದು, ಬರೆದು ಮಂಡಿಸಬೇಕೆಂದಿತು.

ಮೂರನೆಯ ಘಟ್ಟ ಉಪಕರಣಗಳದು. ೨೦೧೬ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಆಯ್ದ ಶಾಲೆಗಳಿಗೆ ೨೦ ಲಕ್ಷ ರೂಪಾಯಿಗಳವರೆಗೆ ಅನುದಾನವಿತ್ತು, ೬ರಿಂದ ೧೨ನೆಯ ತರಗತಿಯ ಮಕ್ಕಳ ಕೈಗೆ ಸೆನ್ಸರು, ಮೋಟಾರು, ತ್ರೀಡಿ ಪ್ರಿಂಟರುಗಳನ್ನು ಕೊಟ್ಟಿತು. ಇನ್‌ಸ್ಪೈರ್ ಮಾನಕ್ ಪ್ರಶಸ್ತಿ ಒಂದು ಹೊಸ ಕಲ್ಪನೆಯನ್ನು ಮಾದರಿಯಾಗಿಸಲು ೧೦,೦೦೦ ರೂಪಾಯಿ ಕೊಡುತ್ತದೆ. ಇವು ಶ್ಲಾಘ್ಯವೇ. ಆದರೆ ಉಪಕರಣ ಒಡೆದೀತೆಂಬ ಭಯದಿಂದ ಬೀರುವಿಗೆ ಬೀಗ ಬೀಳುವುದೂ, ವಸ್ತುಪ್ರದರ್ಶನದ ಹಿಂದಿನ ರಾತ್ರಿ ಮನೆಯ ಹಿರಿಯರು ಥರ್ಮೋಕೋಲಿನಲ್ಲಿ ಅಣೆಕಟ್ಟು ಕಟ್ಟಿಕೊಡುವುದೂ ನಮಗೆ ಅಪರಿಚಿತ ದೃಶ್ಯಗಳಲ್ಲ. ನೀರು ನಿಲ್ಲದ ಆ ಅಣೆಕಟ್ಟಿಗೆ ಬಹುಮಾನ ಬಂದರೂ ಅದರಿಂದ ಯಂತ್ರವಿದ್ಯೆ ಬಾರದು.

ಕಾಫಿಸೀಮೆಯ ಶಾಲೆಗೆ ಇದಕ್ಕಿಂತ ಅಗ್ಗವಾದ ಪ್ರಯೋಗಶಾಲೆ ಬೇಲಿಯಾಚೆಯೇ ಇದೆ. ಇಪ್ಪತ್ತು ಲೀಟರಿನ ಬಕೆಟ್ಟನ್ನು ಅಬ್ಬಿಯ ಕೆಳಗೆ ಹಿಡಿದು ಅದು ನಾಲ್ಕು ಸೆಕೆಂಡಿನಲ್ಲಿ ತುಂಬಿತೆನ್ನಿ. ಸೆಕೆಂಡಿಗೆ ಐದು ಲೀಟರು ನೀರು. ಗಾರೆಯವರು ಮಟ್ಟ ನೋಡುವ ಪಾರದರ್ಶಕ ಕೊಳವೆಯಿಂದ ಹಂತಹಂತವಾಗಿ ಅಳೆದಾಗ ನೀರು ಬೀಳುವ ಎತ್ತರ ಇಪ್ಪತ್ತು ಮೀಟರೆಂದಾದರೆ, ಐದನ್ನು ಇಪ್ಪತ್ತರಿಂದಲೂ ೯.೮ರಿಂದಲೂ ಗುಣಿಸಿದಾಗ ೯೮೦ ವ್ಯಾಟು. ಅರ್ಧ ಪೋಲಾದರೂ ೯ ವ್ಯಾಟಿನ ಐವತ್ತು ಬಲ್ಬುಗಳು ಉರಿದಾವು. ಮಲೆನಾಡಿನ ಒಂಟಿ ಮನೆಗಳಲ್ಲಿ ಹಳ್ಳದ ನೀರಿಗೆ ಪುಟ್ಟ ಟರ್ಬೈನು ಕೂರಿಸಿ ದೀಪ ಹೊತ್ತಿಸಿರುವುದು ಈ ಲೆಕ್ಕದ ಬಲದಿಂದಲೇ. ಅದೇ ಬಕೆಟ್ಟನ್ನು ಮಾರ್ಚಿಯಲ್ಲಿ ಮತ್ತೆ ಹಿಡಿದಾಗ ನೀರು ಇಳಿದಿರುತ್ತದೆ. ಆಗ ದೀಪಕ್ಕೆ ಏನು ಗತಿಯೆಂಬ ಪ್ರಶ್ನೆಯೇ ಯಂತ್ರವಿದ್ಯೆಯ ಮೊದಲ ಪಾಠ.

ಪಲ್ಪರನ್ನೇ ನೋಡಿ. ತಿರುಗುವ ಉರುಳೆಗೂ ಅದರೆದುರಿನ ತಟ್ಟೆಗೂ ನಡುವಣ ಸಂದು ಕಿರಿದಾದರೆ ಬೀಜ ಗಾಯಗೊಳ್ಳುತ್ತದೆ, ಹಿರಿದಾದರೆ ಹಣ್ಣು ಸಿಪ್ಪೆ ಬಿಡದೆ ಹಾದುಹೋಗುತ್ತದೆ; ಈ ಹದವನ್ನು ಹಿಡಿದವನು ತೋಟದಾಳುಗಳ ಲೈನ್ ಮನೆಯ ಅನಕ್ಷರಸ್ಥನಾಗಿದ್ದರೂ ಆ ದಿನದ ಮಟ್ಟಿಗೆ ಮಕ್ಕಳ ಗುರುವೇ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ‘ಕರ್ವಾಲೊ’ ಕಾದಂಬರಿಯಲ್ಲಿ ವಿಜ್ಞಾನಿಯ ಪಕ್ಕದಲ್ಲಿ ಹಳ್ಳಿಯ ಮಂದಣ್ಣನನ್ನು ನಿಲ್ಲಿಸಿದುದು ಇಂಥ ತಿಳಿವಿಗೆ ಸಂದ ಗೌರವವಲ್ಲವೆ? ಊರಿನ ಅಗತ್ಯದಿಂದಲೇ ಯಂತ್ರವಿದ್ಯೆ ಬೆಳೆಯುವುದಕ್ಕೂ ನಿದರ್ಶನವುಂಟು: ಘಟ್ಟದ ಕೆಳಗಿನ ಸುಳ್ಯದ ಗಿರೀಶ್ ಭಾರದ್ವಾಜರು ೧೯೮೯ರಲ್ಲಿ ಅರಂಬೂರಿನ ಪಯಸ್ವಿನಿ ನದಿಗೆ ತೂಗುಸೇತುವೆ ಕಟ್ಟಿ, ಮುಂದೆ ನೂರಕ್ಕೂ ಮಿಕ್ಕ ಸೇತುವೆಗಳಿಂದ ೨೦೧೭ರ ಪದ್ಮಶ್ರೀಗೆ ಪಾತ್ರರಾದರು. ಮಳೆಗಾಲದಲ್ಲಿ ಆಚೆದಡದವರು ದಾಟಲಾರರೆಂಬ ಅಳಲೇ ಆ ಕಾರ್ಯದ ಮೂಲ.

೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿ ೬ರಿಂದ ೮ನೆಯ ತರಗತಿಯ ಮಕ್ಕಳಿಗೆ ಚೀಲವಿಲ್ಲದ ಹತ್ತು ದಿನಗಳನ್ನು ಸೂಚಿಸಿ, ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಲೆಂದಿದೆ. ನೀತಿಯ ವಾದವಿವಾದಗಳೇನೇ ಇರಲಿ, ಉಪಾಧ್ಯಾಯರಲ್ಲಿ ಒಂದು ಬಿನ್ನಹ: ಅಂಥದೊಂದು ದಿನ ಬೀರುವಿನ ಬೀಗ ತೆಗೆಯಿರಿ, ಒಂದು ಬಕೆಟ್ಟನ್ನೂ ಗಡಿಯಾರವನ್ನೂ ಹಿಡಿದು ಮಕ್ಕಳೊಡನೆ ಹಳ್ಳಕ್ಕೆ ಇಳಿಯಿರಿ, ಅವರ ಲೆಕ್ಕ ಮೊದಲ ಸಲ ತಪ್ಪಿದರೆ ತಿದ್ದಿಕೊಡದೆ, ಎರಡನೆಯ ಸಲ ಅಳೆಯಲು ಹೇಳಿರಿ.