ಕೂನೂರಿನ ಕೋಣೆಯಿಂದ ಆಸ್ಪತ್ರೆಯ ಊಟದ ತಟ್ಟೆಗೆ

ಪಿಯುಸಿ ಮುಗಿಸಿ ಆಹಾರ ಮತ್ತು ಪೌಷ್ಟಿಕಾಂಶ ವಿಜ್ಞಾನದ ಪದವಿಗೆ ಸೇರುವ ವಿದ್ಯಾರ್ಥಿಗೆ ಬೇಗನೆ ಎದುರಾಗುವುದು ಕೋಷ್ಟಕಗಳ ಪುಸ್ತಕ. ನೂರು ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಕ್ಯಾಲ್ಸಿಯಂ, ಅಷ್ಟೇ ತೂಕದ ಗಿರಣಿ ಅಕ್ಕಿಯಲ್ಲಿ ಬರೀ 10. ಹಲವು ತಲೆಮಾರಿನ ವಿದ್ಯಾರ್ಥಿಗಳು ಬಾಯಿಪಾಠ ಮಾಡಿದ ಅಂಕಿಗಳಿವು. ಇವನ್ನೆಲ್ಲ ಅಳೆದವರು ಯಾರು, ಏಕೆ ಅಳೆದರು?

ಕಥೆ ಆರಂಭವಾಗುವುದು ನೀಲಗಿರಿಯ ಕೂನೂರಿನಲ್ಲಿ. 1918ರಲ್ಲಿ ಅಲ್ಲಿನ ಪಾಶ್ಚರ್ ಸಂಸ್ಥೆಯ ಒಂದೇ ಕೋಣೆಯಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯ ಬೆರಿಬೆರಿ ರೋಗದ ವಿಚಾರಣೆಗೆ ಕುಳಿತರು. ಕಾಲು ಸೋಲುವ, ಮೈ ಊದುವ, ಕೊನೆಗೆ ಹೃದಯವನ್ನೇ ನಿಲ್ಲಿಸುವ ರೋಗವದು. ಕಾರಣ ಯಾವ ಕ್ರಿಮಿಯೂ ಅಲ್ಲ. ಗಿರಣಿಯಲ್ಲಿ ಅಕ್ಕಿಯನ್ನು ಬೆಳ್ಳಗೆ ಮಾಡುವಾಗ ತವುಡಿನೊಂದಿಗೆ ಥಯಮಿನ್ ಎಂಬ ಜೀವಸತ್ವವೂ ಹೋಗಿಬಿಡುತ್ತಿತ್ತು. ಆಂಧ್ರದ ಕರಾವಳಿಯಲ್ಲಿ ಬೆಳ್ತಿಗೆ ಅಕ್ಕಿ ಉಣ್ಣುವವರನ್ನು ಕಾಡಿದ ಬೆರಿಬೆರಿ, ಕುಚ್ಚಲಕ್ಕಿ ಉಣ್ಣುವವರ ತಂಟೆಗೆ ಹೆಚ್ಚು ಹೋಗಲಿಲ್ಲ. ಭತ್ತವನ್ನು ಬೇಯಿಸುವಾಗಲೇ ಜೀವಸತ್ವ ಕಾಳಿನೊಳಗೆ ಇಳಿಯುತ್ತದೆ. ನಮ್ಮ ದಕ್ಷಿಣ ಕನ್ನಡದ ಗಂಜಿಯೂಟವನ್ನು ಹಗುರವಾಗಿ ಕಾಣುವವರು ಇದನ್ನು ಗಮನಿಸಬೇಕು!

ಮೆಕ್‌ಕ್ಯಾರಿಸನ್ ಮುಂದೆ ಇಲಿಗಳಿಗೆ ಭಾರತದ ಬೇರೆ ಬೇರೆ ಪ್ರಾಂತಗಳ ಊಟವನ್ನು ಉಣಿಸಿ ನೋಡಿದರು. ರೊಟ್ಟಿ, ಹಾಲು, ಬೇಳೆ, ತರಕಾರಿಯ ಪಂಜಾಬಿ ಊಟ ಉಂಡ ಇಲಿಗಳು ದಷ್ಟಪುಷ್ಟವಾದವು. ಅಕ್ಕಿಯೇ ಪ್ರಧಾನವಾದ ಮದರಾಸಿನ ಊಟದವು ಸೊರಗಿದವು. ಅವರ ನಂತರ 1935ರಲ್ಲಿ ನಿರ್ದೇಶಕರಾದ ಡಬ್ಲ್ಯು. ಆರ್. ಏಕ್ರಾಯ್ಡ್, 1937ರಲ್ಲಿ ಭಾರತೀಯ ಆಹಾರಗಳ ಸತ್ವವನ್ನು ಕೋಷ್ಟಕವಾಗಿಸಿ ಪುಸ್ತಿಕೆಯೊಂದನ್ನು ಹೊರತಂದರು. ಇಂದಿನ ಪಠ್ಯಗಳ ಮೂಲ ಅದೇ. ಆದರೆ ತಟ್ಟೆಯಲ್ಲಿ ಅನ್ನವೇ ಇಲ್ಲದಿದ್ದರೆ ಕೋಷ್ಟಕ ಏನು ಮಾಡೀತು? 1943ರ ಬಂಗಾಳದ ಕ್ಷಾಮದ ಬಗ್ಗೆ ತನಿಖೆ ನಡೆಸಿದ ಆಯೋಗದಲ್ಲಿ ಇದೇ ಏಕ್ರಾಯ್ಡ್ ಸದಸ್ಯರಾಗಿದ್ದರು.

ಕೂನೂರಿನ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರವಾಯಿತು, 1969ರಲ್ಲಿ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಎಂಬ ಹೆಸರು ಪಡೆಯಿತು. ಸಿ. ಗೋಪಾಲನ್ ಮತ್ತು ಸಂಗಡಿಗರು 1971ರಲ್ಲಿ ಕೋಷ್ಟಕಗಳನ್ನು ಪರಿಷ್ಕರಿಸಿದರು. 2017ರಲ್ಲಿ 528 ಆಹಾರಗಳನ್ನು ಹೊಸದಾಗಿ ಅಳೆದಾಗ ರಾಗಿಯ ಕ್ಯಾಲ್ಸಿಯಂ 364ಕ್ಕೆ ಏರಿತು. ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ಸಂಶೋಧನಾಲಯ ಆರಂಭವಾದದ್ದರಿಂದ ಕನ್ನಡ ನಾಡಿಗೂ ಈ ವಿದ್ಯೆಯ ನಂಟು ಬೆಳೆಯಿತು.

ಅಳೆಯುವವರಿಗೆ ಸಿಕ್ಕ ಮನ್ನಣೆ, ಆ ಅಂಕಿಯನ್ನು ರೋಗಿಯ ತಟ್ಟೆಗೆ ಇಳಿಸುವವರಿಗೆ ಸಿಗಲಿಲ್ಲ. ಅಮೆರಿಕದಲ್ಲಿ ಮೊದಲ ಮಹಾಯುದ್ಧದ ವೇಳೆ, 1917ರಲ್ಲೇ, ಲೆನ್ನಾ ಕೂಪರ್ ಮತ್ತು ಲುಲು ಗ್ರೇವ್ಸ್ ಎಂಬ ಮಹಿಳೆಯರು ಪಥ್ಯ ತಜ್ಞರ ಸಂಘ ಕಟ್ಟಿದರು. ನಮ್ಮಲ್ಲಿ ಈ ವಿಷಯ ಕಾಲೇಜಿಗೆ ಬಂದದ್ದು ಗೃಹವಿಜ್ಞಾನದ ಬಾಗಿಲಿನಿಂದ. ದೆಹಲಿಯ ಲೇಡಿ ಇರ್ವಿನ್ ಕಾಲೇಜು 1932ರಲ್ಲಿ ಆರಂಭವಾಯಿತು. ‘ಅಡುಗೆ ಕಲಿಯಲು ಡಿಗ್ರಿ ಬೇಕೇ?’ ಎಂಬ ಕುಹಕ ಮಾತ್ರ ಬಹುಕಾಲ ಹಿಂಬಾಲಿಸಿತು. ಜೀವರಸಾಯನ, ಶರೀರಕ್ರಿಯಾ ಶಾಸ್ತ್ರ, ಸೂಕ್ಷ್ಮಜೀವಿ ಶಾಸ್ತ್ರಗಳನ್ನು ಓದಿ, ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ತರಬೇತಿ ಪಡೆದು, ಮೂತ್ರಪಿಂಡ ಸೋತ ರೋಗಿಗೆ ಉಪ್ಪೆಷ್ಟು, ಬೇಳೆಯೆಷ್ಟು ಎಂದು ಲೆಕ್ಕ ಹಾಕುವುದು ಬರೀ ಅಡುಗೆಯಲ್ಲ ಎಂಬುದು ಕುಹಕಿಗಳಿಗೆ ಹೊಳೆಯಲಿಲ್ಲ.

ಭಾರತೀಯ ಪಥ್ಯ ತಜ್ಞರ ಸಂಘ ನೋಂದಣಿ ಪರೀಕ್ಷೆ ನಡೆಸುತ್ತ ಬಂದಿದ್ದರೂ ಅದು ಕಡ್ಡಾಯವಾಗಿರಲಿಲ್ಲ. ಯಾರು ಬೇಕಾದರೂ ‘ಡಯಟಿಷಿಯನ್’ ಎಂದು ಬೋರ್ಡು ಹಾಕಬಹುದಿತ್ತು, ಹಾಕಿದರೂ ಕೂಡ. ವೈದ್ಯಕ್ಕೆ ಪೂರಕವಾದ ವೃತ್ತಿಗಳಿಗೆ ಸಂಸತ್ತು ಕಾಯ್ದೆ ಮಾಡಿದ್ದು 2021ರಲ್ಲಿ. ಪಥ್ಯ ತಜ್ಞರೂ ಪೌಷ್ಟಿಕಾಂಶ ತಜ್ಞರೂ ಅದರ ಪಟ್ಟಿಯಲ್ಲಿ ಸೇರಿದರು, ಅರ್ಹರ ಹೆಸರು ದಾಖಲಿಸುವ ಹೊಣೆ ರಾಜ್ಯಗಳ ಮಂಡಳಿಗಳ ಪಾಲಾಯಿತು. ಕೂನೂರಿನ ಆ ಕೋಣೆಯ ಬಾಗಿಲು ತೆರೆದು ಅಷ್ಟರಲ್ಲಿ 103 ವರ್ಷಗಳಾಗಿದ್ದವು.